ಸಲಾಲಾದ ಕಡಲಲ್ಲಿ ಆಸಾಡಿ ಅಮಾಸಿ

ಮಸ್ಕತ್ತಿಗೆ ಬರುವ ನೆಂಟರನ್ನು ಸುತ್ತಿಸುವ ಕೆಲಸ ನಮ್ಮ ಬಳಗದಲ್ಲಿ ನನ್ನ ಪಾಲಿಗೆ ಬಂದು ಬಹಳ ವರ್ಷಗಳಾದವು. ನನ್ನ ನೌಕರಿ ಘಾಲಾದ ಒಂದು ಗೋದಾಮಿನ ಕಚೇರಿಯಲ್ಲಿ. ಆದರೆ ಅಲ್ ಗುಬ್ರಾದ ನಮ್ಮ ಕಟ್ಟಡದಲ್ಲಿ ಯಾರ ಮನೆಗೆ ಯಾರ ಅಪ್ಪ ಅಮ್ಮ ಬಂದಿಳಿದರೂ ಮೊದಲ ಫೋನು ನನಗೇ. ಎಲ್ಲಿಗೆ ಕರೆದುಕೊಂಡು ಹೋಗಬೇಕು, ದಾರಿಯಲ್ಲಿ ಎಲ್ಲಿ ಶೌಚಾಲಯ ಚೊಕ್ಕಟವಾಗಿದೆ, ಕಟ್ಟಿಕೊಂಡ ಮೊಸರನ್ನ ಎಷ್ಟು ಹೊತ್ತಿಗೆ ಹುಳಿಯಾಗುತ್ತದೆ, ಎಲ್ಲವೂ ನನಗೆ ಬಾಯಿಪಾಠ.

ಜುಲೈ ಆಗಸ್ಟಿನಲ್ಲಿ ಬಂದವರಿಗೆ ನಾನು ಹೇಳುವುದು ಒಂದೇ ಊರು, ಸಲಾಲಾ. ಮಸ್ಕತ್ ಬಾಣಲೆಯಂತೆ ಕಾಯುವ ಆ ದಿನಗಳಲ್ಲಿ ದಕ್ಷಿಣದ ಆ ಕಡಲೂರಿಗೆ ಮಾತ್ರ ಮಳೆಗಾಲ. ಇಲ್ಲಿನವರು ಅದನ್ನು ಖರೀಫ್ ಎನ್ನುತ್ತಾರೆ. ಸುರಿಯುವ ಮಳೆಯಲ್ಲ, ಜರಡಿಯಲ್ಲಿ ಸೋಸಿದಂಥ ತುಂತುರು. ಆದರೂ ಅಷ್ಟಕ್ಕೇ ಗುಡ್ಡಗಳೆಲ್ಲ ಹಸಿರು. ಬೆಳಗಿನ ಜಾವ ಹೊರಡಬೇಕು. ಹೈಮಾದಲ್ಲಿ ಪೆಟ್ರೋಲ್ ತುಂಬಿಸಿಕೊಳ್ಳಲೇಬೇಕು. ಅಲ್ಲಿಂದ ಮುಂದೆ ಗಂಟೆಗಟ್ಟಲೆ ಬರೀ ಬಯಲು, ಮಾತಾಡಲು ಯಾರಾದರೂ ಪಕ್ಕದಲ್ಲಿದ್ದರೆ ಒಳ್ಳೆಯದು. ಕೊನೆಯ ಗುಡ್ಡ ಇಳಿಯುವಾಗ ಮಂಜು ಎಷ್ಟು ದಟ್ಟವೆಂದರೆ ಮುಂದಿನ ಕಾರಿನ ಕೆಂಪು ದೀಪವೇ ದಾರಿ. ಆ ದೀಪಕ್ಕೂ ನಮಗೂ ನಡುವೆ ಒಂಟೆ ನಿಂತಿದ್ದರೂ ನಿಂತಿರಬಹುದು. ಇಳಿದ ಮೇಲೆ ರಸ್ತೆಬದಿಯ ಸಾಲು ಅಂಗಡಿಗಳಲ್ಲಿ ಎಳನೀರು, ಬಾಳೆಹಣ್ಣು, ಪಪ್ಪಾಯಿ. ನಮ್ಮ ಕರಾವಳಿಯವರು ಸಾವಿರ ಕಿಲೋಮೀಟರು ಬಂದು ಬಾಳೆಗಿಡದ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವುದನ್ನು ಕಂಡು ನಾನೇ ಎಷ್ಟೋ ಸಲ ನಕ್ಕಿದ್ದೇನೆ.

ಕಡಲಿಗೆ ಇಳಿಯಬೇಡಿ ಎಂದು ಮಾತ್ರ ಯಾರಿಗೂ ಹೇಳಿದವನಲ್ಲ. ಬೆಂಗಳೂರು ಮೈಸೂರಿನವರಿಗೆ ಆ ತಿಂಗಳ ತೆರೆಯ ಸದ್ದು ಕೇಳಿದರೆ ಸಾಕು, ತಾವಾಗಿ ಹತ್ತು ಮಾರು ಹಿಂದೆ ಸರಿಯುತ್ತಾರೆ. ನಮ್ಮ ಕಡೆಯವರಿಗೋ ಖುಷಿಯಾಗಲೆಂದು ನಾನು ಬೇರೆಯೇ ಮಾತು ಹೇಳುತ್ತಿದ್ದೆ. "ಇದ್ ನಮ್ದೇ ಕಡಲ್. ಆಚೆ ದಡದಂಗೆ ನಿಂತ್ ಕಾಂಬುದ್, ಅಷ್ಟೇ." ಊರ ಕಡಲನ್ನೇ ಆಚೆ ದಡದಲ್ಲಿ ನಿಂತು ನೋಡಿದ ಹಾಗೆ ಎಂದು ಅತ್ತೆಗೂ ಹೇಳಿದೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಅವರ ಮನೆ ಕುಂದಾಪುರದ ಬಡಗು ದಿಕ್ಕಿಗೆ, ಜಗಲಿಯಲ್ಲಿ ಕೂತರೆ ಕಡಲು ಕೇಳಿಸುವಷ್ಟು ಹತ್ತಿರ. ನಾನು ಮಾತು ಕಲಿತದ್ದೇ ಅವರ ಮತ್ತು ನನ್ನ ಅಜ್ಜಿಯ ಬಾಯಿಂದ. ಎಪ್ಪತ್ತು ದಾಟಿ ಮೊಣಕಾಲು ಹಿಡಿದುಕೊಂಡಿದ್ದರೂ ನಾಲಿಗೆಗೆ ಯಾವ ಹಿಡಿತವೂ ಬಂದಿರಲಿಲ್ಲ. ಒಂದು ತಿಂಗಳು ಇದ್ದು ಹೋಗಲೆಂದು ನಾನೇ ಕರೆಸಿದ್ದೆ. ಅವರ ಗಂಡ, ನನ್ನ ಮಾವ, ವಿಮಾನ ಹತ್ತುವುದಿಲ್ಲವೆಂದು ಹಟ ಹಿಡಿದು ಊರಲ್ಲೇ ಉಳಿದಿದ್ದರು.

ಸಲಾಲಾಕ್ಕೆ ಹೋಗುವ ದಿನವನ್ನು ಗೊತ್ತು ಮಾಡಿದವರೂ ಅತ್ತೆಯೇ. ನಾನು ಒಂದು ವಾರ ಮೊದಲು ರಜೆ ಹಾಕುವವನಿದ್ದೆ. "ಈಗ ಬ್ಯಾಡ ಮಾಣಿ, ಕಾಲ್ ನೋವಿತ್ತ್, ಮುಂದಿನ ವಾರ ಹೋಪ" ಅಂದರು. ನನ್ನ ವಯಸ್ಸು ಐವತ್ತರ ಹತ್ತಿರ ಬಂದಿದ್ದರೂ ಅವರಿಗೆ ನಾನು ಮಾಣಿಯೇ. ಕಾಲುನೋವೆಂದೇ ನಂಬಿದೆ.

ಸಲಾಲಾದಲ್ಲಿ ಬಾಡಿಗೆಗೆ ಹಿಡಿದ ಫ್ಲ್ಯಾಟಿನಲ್ಲಿ ಎರಡನೆಯ ದಿನ ಸಂಜೆ ಚಹಾ ಕುಡಿಯುತ್ತಾ ಕೂತಿದ್ದೆವು. ನಾನು, ನನ್ನ ಹೆಂಡತಿ, ಹತ್ತನೆಯ ತರಗತಿಯ ಮಗಳು, ಅತ್ತೆ. ಅತ್ತೆ ಲೋಟ ಕೆಳಗಿಟ್ಟು, ನಾಳೆ ಏನು ತಿಂಡಿ ಎಂದು ಕೇಳುವ ದನಿಯಲ್ಲೇ ಹೇಳಿದರು.

"ನಾಳೆ ಆಸಾಡಿ ಅಮಾಸಿ. ಕಡಲಂಗೆ ಮೀಯ್ಕ್."

ನನ್ನ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಬಿತ್ತು.

ನಮ್ಮ ಕಡೆ ಆಷಾಢದ ಅಮಾವಾಸ್ಯೆಯ ದಿನ ಮಳೆ ಇರಲಿ ಗಾಳಿ ಇರಲಿ, ಜನ ಕಡಲಿಗೆ ಹೋಗಿ ಮೂರು ಮುಳುಗು ಹಾಕುತ್ತಾರೆ. ಹೊಸದಾಗಿ ಮದುವೆಯಾದವರು, ಮುದುಕರು, ಎಲ್ಲರೂ. ಕಡಲು ಆಗ ಶಾಂತವಾಗೇನೂ ಇರುವುದಿಲ್ಲ. ಆದರೆ ಜನ ಸಾಲಾಗಿ ಕೈಕೈ ಹಿಡಿದಿರುತ್ತಾರೆ, ತೆರೆಯ ಲೆಕ್ಕ ಬಲ್ಲ ಮೀನುಗಾರರು ಮುಂದೆ ನಿಂತು ಈಗ ಇಳಿಯಿರಿ, ಈಗ ನಿಲ್ಲಿ ಎನ್ನುತ್ತಾರೆ. ಮದುವೆಯಾಗಿ ಬಂದ ವರ್ಷದಿಂದ ಅತ್ತೆ ಮಾವ ಒಂದು ವರ್ಷವೂ ತಪ್ಪಿಸಿದವರಲ್ಲ. ಮಾವನ ಕೈ ಹಿಡಿದೇ ಅವರು ಇಳಿಯುತ್ತಿದ್ದುದು.

"ಅವ್ರ್ ಅಲ್ಲಿ ಮೀತ್ರ್, ನಾನ್ ಇಲ್ಲಿ ಮೀತೆ. ಹಂಗ್ ಹೇಳಿಯೇ ಬಂದದ್ ನಾನ್," ಅಂದರು ಅತ್ತೆ. "ನಮ್ದೇ ಕಡಲ್ ಅಂದಿ ಅಲ್ದಾ ನೀನ್?"

ಹೆಂಡತಿ ಮೈಸೂರಿನವಳು. ಅಡುಗೆಮನೆಗೆ ನನ್ನನ್ನು ಕರೆದು ಮೆಲ್ಲಗೆ ಹೇಳಿದಳು. "ರೀ, ನೀವು ಗಟ್ಟಿಯಾಗಿ ಹೇಳ್ಬಿಡಿ. ನೆನ್ನೆ ಆ ಅಲೆ ನೋಡಿದ್ರಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮಾವನಿಗೆ ಏನಂತ ಫೋನ್ ಮಾಡ್ತೀರ?"

ಹೇಳಿದೆ. ಗಟ್ಟಿಯಾಗಿ ಅಲ್ಲ, ಬೇಡಿಕೊಂಡಂತೆ ಹೇಳಿದೆ. ಕಾಲು ತೊಳೆದುಕೊಂಡು ತಲೆಯ ಮೇಲೆ ನಾಲ್ಕು ಹನಿ ಹಾಕಿಕೊಂಡರೆ ಸಾಲದೇ ಎಂದೆ.

"ಅದ್ ಮೀವುದಲ್ಲ ಮಾಣಿ. ಅದ್ ಕಾಲ್ ತೊಳೂದ್."

"ಇಲ್ಲಿ ಯಾರೂ ಇಳಿತಿಲ್ಲೆ ಅತ್ತೆ. ಪೊಲೀಸರೂ ಬಿಡುದಿಲ್ಲೆ."

"ಪೊಲೀಸರಿಗೆ ಅಮಾಸಿ ಗೊತ್ತಿತ್ತಾ?"

ಅರ್ಧ ಗಂಟೆಯ ಚೌಕಾಸಿಯ ಮೇಲೆ ಅವರು "ಆಯ್ತ್ ಮಾಣಿ" ಅಂದರು. ಕಾಲು ತೊಳೆದು ಬರುವುದೆಂದು ಒಪ್ಪಿದರು ಅಂತ ನಾನು ತಿಳಿದೆ. ಅವರ ಬಾಯಲ್ಲಿ 'ಆಯ್ತ್' ಅಂದರೆ ನೀನು ಹೇಳಿದ್ದು ಕೇಳಿಸಿತು ಎಂದಷ್ಟೇ ಅರ್ಥ. ಚಿಕ್ಕಂದಿನಿಂದ ಅವರ ಕೈಯಲ್ಲಿ ಬೆಳೆದ ನನಗೆ ಅದು ಆ ಸಂಜೆಯೇ ಮರೆತುಹೋಗಿತ್ತು.

ಬೆಳಿಗ್ಗೆ ಆರೂವರೆಗೆ ನಾವು ತೀರದಲ್ಲಿದ್ದೆವು. ತುಂತುರು ಬೀಳುತ್ತಿತ್ತು. ಆಕಾಶ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವಂತಿರಲಿಲ್ಲ. ಅಮಾವಾಸ್ಯೆಯ ಉಬ್ಬರ ಬೇರೆ. ಹಿಂದಿನ ದಿನ ಜನ ಚಾಪೆ ಹಾಸಿ ಕೂತಿದ್ದ ಜಾಗದವರೆಗೂ ಮರಳು ಒದ್ದೆ. ಇಳಿಯಬಾರದೆಂಬ ಫಲಕ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಇತ್ತು. ಎರಡೂ ಅತ್ತೆಗೆ ಬಾರದು.

"ಅಜ್ಜಿ, ರೆಡ್ ಫ್ಲ್ಯಾಗ್ ಇದೆ. ನಾಟ್ ಅಲೋವ್ಡ್," ಅಂದಳು ಮಗಳು.

"ಬಾವುಟ ಚಂದ ಇತ್ತ್," ಅಂದರು ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾ.

ಅವರ ಕೈಯಲ್ಲಿ ತೆಂಗಿನಕಾಯಿ ಇತ್ತು. ಅರಿಶಿನ ಕುಂಕುಮ ಹಚ್ಚಿ ಕಡಲಿಗೆ ಎಸೆದರು. ನಮ್ಮೂರಲ್ಲಾದರೆ ಆ ಕಾಯಿ ತೇಲುತ್ತಾ ಮರಳಿ ದಡಕ್ಕೇ ಬರುತ್ತದೆ. ಇಲ್ಲಿ ಒಂದು ತೆರೆ ಅದನ್ನು ಮೇಲಕ್ಕೆ ತಂದಿತು. ಹಿಂದೆ ಸರಿಯುವ ನೀರಿನಲ್ಲಿ ಕಾಯಿ ಇಳಿಜಾರಿನಲ್ಲಿ ಉರುಳಿದಂತೆ ಉರುಳಿತು, ಮುಂದಿನ ತೆರೆಯ ಬುಡಕ್ಕೆ ಹೋಯಿತು. ಮತ್ತೆ ಕಾಣಲಿಲ್ಲ. ನಾನು ಕಾದೆ. ಎರಡು ತೆರೆ, ಮೂರು ತೆರೆ. ಕಾಯಿ ಬರಲೇ ಇಲ್ಲ. ಇಲ್ಲಿ ಮರಳು ನಾಲ್ಕು ಹೆಜ್ಜೆಗೇ ಕಡಿದಂತೆ ಆಳವಾಗುತ್ತದೆ ಎಂಬುದು ನನಗೆ ಆ ಕಾಯಿಯಿಂದ ತಿಳಿಯಿತು, ಇಷ್ಟು ವರ್ಷ ಜನರನ್ನು ಇದೇ ತೀರಕ್ಕೆ ತಂದು ನಿಲ್ಲಿಸಿದ ನನಗೆ.

"ಅತ್ತೆ, ಸಾಕ್. ಇಲ್ಲೇ ಕಾಲ್ ತೊಳ್ಕಣಿ," ಎಂದು ಅವರ ಬಲಗೈಯ ಮಣಿಕಟ್ಟು ಹಿಡಿದೆ.

ಅವರು ಕೈ ಬಿಡಿಸಿಕೊಳ್ಳಲಿಲ್ಲ. ಕಡಲನ್ನೇ ನೋಡುತ್ತಿದ್ದರು, ತುಟಿ ಅಲುಗುತ್ತಿತ್ತು. ಮಂತ್ರವೆಂದುಕೊಂಡೆ. ಅವರು ತೆರೆ ಎಣಿಸುತ್ತಿದ್ದರು. ದೊಡ್ಡ ತೆರೆಗಳು ಸಾಲಾಗಿ ಬಂದುಹೋದ ಮೇಲೆ ಸಣ್ಣವು ಬರುತ್ತವೆ, ಆ ಹೊತ್ತಿಗೆ ಇಳಿದು ಮುಳುಗಿ ಬರಬೇಕು. ಐವತ್ತು ವರ್ಷದ ಪಾಠ ಅದು. ಎಣಿಕೆ ಮುಗಿಯಿತು, ನೀರು ಒಂದು ಗಳಿಗೆ ಸಪಾಟಾಯಿತು. "ಈಗ," ಎಂದು ತಮಗೇ ಹೇಳಿಕೊಂಡು ಅತ್ತೆ ಹೆಜ್ಜೆ ಹಾಕಿದರು. ಮೊಣಕಾಲು ನೋವಿನವರು ಅಷ್ಟು ಬೇಗ ನಡೆಯಬಲ್ಲರೆಂದು ನಾನು ಎಣಿಸಿರಲಿಲ್ಲ. ಅವರ ಜೊತೆ ನಾನೂ ಎಳೆಸಿಕೊಂಡು ಹೋದೆ.

ಮೂರನೆಯ ಹೆಜ್ಜೆಗೆ ನೆಲ ಇರಲಿಲ್ಲ. ಹಿಂದೆ ಸರಿಯುವ ನೀರು ನಮ್ಮ ಕಾಲ ಕೆಳಗಿನ ಮರಳನ್ನೇ ಕಿತ್ತುಕೊಂಡು ಹೋಗುತ್ತಿತ್ತು. ಅತ್ತೆ ಕೂತ ಹಾಗೆ ಕುಸಿದರು. ಹಿಂದಿನಿಂದ ಹೆಂಡತಿಯ ಕೂಗು ಕೇಳಿಸಿತು. ಆಮೇಲೆ ತೆರೆ ಬಂದು ನಮ್ಮಿಬ್ಬರ ಮೇಲೂ ಮುಚ್ಚಿಕೊಂಡಿತು.

ಒಳಗೆ ಎಷ್ಟು ಹೊತ್ತಿದ್ದೆವೋ ತಿಳಿಯದು. ನನಗೆ ನೆನಪಿರುವುದು ಅವರ ಮಣಿಕಟ್ಟು ಮಾತ್ರ. ಅದು ನೀರಿನಲ್ಲಿ ಸಣ್ಣದಾಗಿ, ನುಣುಪಾಗಿ, ನನ್ನ ಬೆರಳುಗಳಿಂದ ಜಾರುತ್ತಿತ್ತು. ಬಳೆಯೊಂದು ಒಡೆದು ನನ್ನ ಅಂಗೈಗೆ ಚುಚ್ಚಿತು. ಬಿಟ್ಟರೆ ಆ ತೆಂಗಿನಕಾಯಿಯ ಹಾಗೆ, ಎಂದು ಒಂದೇ ಯೋಚನೆ. ಇನ್ನೊಂದು ಕೈಯಿಂದ ಮರಳು ಕೆರೆದೆ. ಮರಳು ಕೈಯಲ್ಲೇ ಕರಗಿತು.

ಆಗ ಯಾರೋ ನನ್ನ ಅಂಗಿಯ ಕಾಲರು ಹಿಡಿದು ಎಳೆದರು. ಹಾಗೆ ಎಳೆದವರು ಬಿಳಿ ಗಡ್ಡದ ಒಬ್ಬ ಒಮಾನಿ ಮುದುಕರು. ಮೇಲೆ ನಿಲ್ಲಿಸಿದ್ದ ಪಿಕಪ್ಪಿನ ಬಳಿ ಅವರು ಚಹಾ ಕುಡಿಯುತ್ತಿದ್ದುದನ್ನು ಬರುವಾಗಲೇ ಕಂಡಿದ್ದೆ. ಅವರು ನನ್ನನ್ನು ಎಳೆದರು, ನಾನು ಅತ್ತೆಯನ್ನು ಎಳೆದೆ, ನೀರಿಗೆ ಮೊಣಕಾಲುದ್ದ ಇಳಿದಿದ್ದ ಹೆಂಡತಿ ಅತ್ತೆಯ ಸೆರಗು ಎಳೆದಳು. ಮುಂದಿನ ತೆರೆ ಬರುವಷ್ಟರಲ್ಲಿ ನಾಲ್ವರೂ ತೆರೆ ಮುಟ್ಟದ ಮರಳಿನ ಮೇಲೆ ಬಿದ್ದಿದ್ದೆವು.

"ಖಲಾಸ್, ಖಲಾಸ್," ಮುಗಿಯಿತು, ಇನ್ನು ಭಯವಿಲ್ಲ ಅನ್ನುವಂತೆ ಹೇಳುತ್ತಾ ಮುದುಕರು ಏದುಸಿರು ಬಿಟ್ಟರು. ಆಮೇಲೆ ಹಿಂದಿಯಲ್ಲಿ ನನಗೆ, "ಸದೀಕ್, ದೋಸ್ತ್, ಅಮ್ಮನನ್ನು ಯಾಕೆ ಬಿಟ್ಟೆ? ಈ ತಿಂಗಳು ನಾವೇ ದೋಣಿ ಇಳಿಸುವುದಿಲ್ಲ."

ಅತ್ತೆ ಎದ್ದು ಕೂತು ಕೆಮ್ಮಿ ಉಪ್ಪುನೀರು ಉಗುಳಿದರು. ಮೊಣಕೈ ತರಚಿತ್ತು. ಮುಖದ ಮೇಲಿನ ಕೂದಲು ಸರಿಸಿಕೊಂಡು ನನ್ನತ್ತ ತಿರುಗಿದರು.

"ಒಂದ್ ಮುಳುಗು ಆಯ್ತ್. ಇನ್ನೆರಡ್ ಇತ್ತ್."

ಜೀವಮಾನದಲ್ಲಿ ಮೊದಲ ಸಲ ನಾನು ಅತ್ತೆಯ ಮೇಲೆ ದನಿ ಏರಿಸಿದೆ. "ಹುಚ್ಚ್ ಹಿಡ್ದಿತಾ ನಿಮ್ಗ್? ಜೀವ ಹೋತಿತ್ತ್. ನಿಮ್ದೂ, ನನ್ದೂ." ಇನ್ನೂ ಏನೇನೋ ಅಂದೆ. ಮಗಳು ಅಳುತ್ತಿದ್ದಳು. ಅತ್ತೆ ತಲೆ ತಗ್ಗಿಸಿ ಕೇಳಿಸಿಕೊಂಡರು. ಏಳಲಿಲ್ಲ ಮಾತ್ರ. ಏಳಿ, ಕಾರಿಗೆ ಹೋಗೋಣ ಎಂದರೆ ಮರಳಿಗೆ ಬೇರು ಬಿಟ್ಟಂತೆ ಕೂತಿದ್ದರು. ಹೆಂಡತಿ ಟವೆಲು ಹೊದಿಸಿದಳು, ಅದನ್ನು ತೆಗೆದು ಪಕ್ಕಕ್ಕಿಟ್ಟರು. ಮೀಯುವುದು ಮುಗಿಯದೆ ಮೈ ಒರೆಸಿಕೊಳ್ಳುವಂತಿಲ್ಲ.

ಮುದುಕರು ಏನು ಸಂಗತಿ ಎಂದು ಕೇಳಿದರು. ನನ್ನ ಮುರುಕು ಹಿಂದಿಯಲ್ಲಿ ಹೇಳಿದೆ: ನಮ್ಮಲ್ಲಿ ಈ ದಿನ ಕಡಲಸ್ನಾನ, ಮೂರು ಸಲ, ಊರಲ್ಲಿ ಗಂಡ ಕಾಯುತ್ತಿದ್ದಾರೆ. ಅವರು ಗಡ್ಡ ಹಿಂಡಿಕೊಂಡು ಅತ್ತೆಯನ್ನು ನೋಡಿದರು. ಪಿಕಪ್ಪಿನ ಹತ್ತಿರ ಹೋಗಿ ಒಂದು ನೀಲಿ ಬಕೆಟ್ಟಿನೊಂದಿಗೆ ಬಂದರು. ಹಿಡಿಗೆ ಹಗ್ಗ ಕಟ್ಟಿ, ತೆರೆ ಮೇಲೇರಿ ಬಂದಾಗ ಅಡ್ಡಕ್ಕೆ ಎಸೆದು, ನೀರು ಸರಿಯುವ ಮೊದಲೇ ಎಳೆದುಕೊಂಡರು. ಬಕೆಟ್ಟಿನ ತುಂಬ ಕಡಲು. ನನ್ನ ಮುಂದಿಟ್ಟು, ತಾವು ಬೆನ್ನು ತಿರುಗಿಸಿ ದೂರ ಹೋಗಿ ನಿಂತರು.

ಅತ್ತೆ ಬಕೆಟ್ಟನ್ನು ಮೂಸಿದರು. "ಮೀನಿನ ಬಕೆಟಾ?"

"ಕಡಲಂಗೂ ಮೀನೇ ಇಪ್ಪುದಲ್ದಾ ಅತ್ತೆ," ಅಂದೆ.

ಅವರು ಒಪ್ಪುತ್ತಾರೋ ಇಲ್ಲವೋ ಎಂದು ನಾವು ಮೂವರೂ ಅವರ ಬಾಯಿ ನೋಡುತ್ತಾ ನಿಂತೆವು. ಒಪ್ಪದಿದ್ದರೆ ಅವರನ್ನು ಹೊತ್ತೊಯ್ಯುವುದೊಂದೇ ದಾರಿ; ಹೊತ್ತೊಯ್ದರೆ ಅವರು ಅದನ್ನು ಮರೆಯುವವರಲ್ಲ. ಅತ್ತೆ ಕಡಲಿನ ಕಡೆ ನೋಡಿದರು. ಆಗಲೇ ಮತ್ತೊಂದು ದೊಡ್ಡ ತೆರೆ ಬಡಿದು ನೆಲ ಅದುರಿತು. ಅವರ ಭುಜ ಅದಕ್ಕೆ ಸರಿಯಾಗಿ ಬೆಚ್ಚಿತು. ಅತ್ತೆ ಕಡಲಿಗೆ ಬೆಚ್ಚಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಹೊಯ್ಯಿ," ಅಂದರು.

ಅರ್ಧ ಬಕೆಟ್ಟು ಹೊಯ್ದೆ. ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ಉಳಿದರ್ಧ ಹೊಯ್ದೆ. ತುಟಿ ನೀಲಿಯಾಗಿತ್ತು. ಆಗ ಮಾತ್ರ ಟವೆಲಿಗೆ ಕೈ ಚಾಚಿದರು.

ಕಾರಿನಲ್ಲಿ ಹೀಟರು ಹಾಕಿ ಹಿಂದಿನ ಸೀಟಿನಲ್ಲಿ ಅವರ ಪಕ್ಕ ನಾನು ಕೂತೆ. ಹೆಂಡತಿ ಸ್ಟೇರಿಂಗ್ ಹಿಡಿದಳು. ಇನ್ನೂ ಹೊರಟಿರಲಿಲ್ಲ, ಮಾವನ ಫೋನು ಬಂತು. ಊರಲ್ಲಿ ಆಗಲೇ ಎಂಟೂವರೆ ದಾಟಿತ್ತು. ಮಗಳು ಸ್ಪೀಕರಿಗೆ ಹಾಕಿ ಅತ್ತೆಯ ಬಲಗೈಗೆ ಕೊಟ್ಟಳು.

"ಮಿಂದ್ಯನಾ?" ಮಾವನ ದನಿ.

"ಮಿಂದೆ. ನೀವ್?"

"ನಂದ್ ಆಯ್ತ್. ಮೂರೂ ಹಾಕ್ದ್ಯಾ?"

"ಮೂರೂ."

"ಯಾರ್ ಕೈ ಹಿಡ್ಕಂಡಿದ್ದೆ?"

ಅತ್ತೆ ನನ್ನ ಕಡೆ ತಿರುಗಿದರು. "ಮಾಣಿ ಹಿಡ್ಕಂಡಿದ್ದ," ಅಂದರು. "ಗಟ್ಟಿ ಹಿಡ್ಕಂಡಿದ್ದ."

ಬಿದ್ದದ್ದನ್ನು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವರ ಎಡಗೈ ನನ್ನ ಒದ್ದೆ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಫ್ಲ್ಯಾಟು ತಲುಪಿ, ಲಿಫ್ಟು ಹತ್ತಿ, ಬಾಗಿಲ ಬೀಗ ತೆಗೆಯುವವರೆಗೂ ಬಿಡಲಿಲ್ಲ.