ಬಸ್ಸಿಗೆ ದೊಡ್ಡಪ್ಪ ಹೇಳಿದ ಅರ್ಥ

ಮೊನ್ನೆ ಕೊಟ್ಟೂರಿನಲ್ಲಿ ಹರಪನಹಳ್ಳಿ ಬಸ್ಸು ಹತ್ತಿ ಕೂತಿದ್ದೆ. ಕಿಟಕಿಯಿಂದ ಯಾರದೋ ಬೆವರಿನ ಟವೆಲ್ ಹಾರಿ ಬಂದು ಮುಂದಿನ ಸೀಟಿನ ಮೇಲೆ ಬಿತ್ತು. ಟವೆಲ್ ಬಿದ್ದ ಸೀಟಿನಲ್ಲಿ ಮನುಷ್ಯರು ಕೂರುವಂತಿಲ್ಲ, ನಿಮಗೂ ಗೊತ್ತಲ್ಲ. ಬೈಯುವ ಮುಖ ನನಗಿರಲಿಲ್ಲ. ಮಂಡಿನೋವಿನ ದೊಡ್ಡವ್ವ ನಿಧಾನಕ್ಕೆ ಬರುತ್ತಿದ್ದಳೆಂದು ಪಕ್ಕದ ಸೀಟಿಗೆ ನಾನೂ ವೇಲು ಹಾಸಿದ್ದೆ. ಮಗು ಎತ್ತಿಕೊಂಡ ಒಬ್ಬ ಹೆಂಗಸು ಅದನ್ನೇ ನೋಡುತ್ತ ನಿಂತಳು. "ಇಲ್ಲಿ ಬರ್ತಾರ್ರಿ" ಅಂದೆ. ಅಂದ ಕೂಡಲೇ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ಇಂಗ್ಲಿಷ್ ಮಾಸ್ತರು. ಅವರ ಕೈಗೆ ಸಿಕ್ಕವರು ಯಾವುದಾದರೊಂದು ಪದದ ಜಾತಕ ಕೇಳದೆ ಬಿಡುಗಡೆಯಾಗುತ್ತಿರಲಿಲ್ಲ. "ಲ್ಯಾಟಿನ್‌ದಾಗ ಆಮ್ನಿಬಸ್ ಅಂದ್ರ ಎಲ್ಲಾರಿಗೂ ಅಂತ. ಫ್ರೆಂಚರು ಗಾಡಿಗೆ ಆ ಹೆಸರಿಟ್ರು. ಇಂಗ್ಲಿಷರು ತಲಿ ಕತ್ತರಿಸಿ ಬಾಲ ಇಟ್ಕಂಡ್ರು. ಆ ಬಾಲಾನ ಈ ಬಸ್ಸು" ಎನ್ನುವರು. ಎಲ್ಲರ ಗಾಡಿಗೆ ಟವೆಲ್ ಎಸೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಈ ಪುರಾಣ ಕೇಳಿದ್ರ ಸೀಟು ಸಿಗತೈತೇನ್ರಿ?" ಎಂದು ದೊಡ್ಡವ್ವ ಕಾಡಿಸುತ್ತಿದ್ದಳು.

ಆಗೊಮ್ಮೆ ದೊಡ್ಡವ್ವನಿಗೆ ಮಂಡಿ ಆಪರೇಷನ್ ಆಯಿತು. ಹೊಲಿಗೆ ಬಿಚ್ಚಿಸಲು ಹರಪನಹಳ್ಳಿಗೆ ಹೋಗಬೇಕು. ನಿಂತು ಪ್ರಯಾಣ ಮಾಡಬಾರದು ಎಂದು ಡಾಕ್ಟರು ಹೇಳಿದ್ದರು. ಬಸ್ಸು ಬಂತು, ಜನ ಮುಗಿಬಿದ್ದರು. ದೊಡ್ಡಪ್ಪ ಅತ್ತಿತ್ತ ನೋಡಿ, ಹೆಗಲ ಟವೆಲ್ ತೆಗೆದು ಕಿಟಕಿಗೆ ಎಸೆದೇಬಿಟ್ಟರು. ಅಭ್ಯಾಸವಿಲ್ಲದ ಕೈ, ಟವೆಲ್ ಕಿಟಕಿಯ ಸರಳಿಗೆ ಬಡಿದು ಅವರ ಮುಖಕ್ಕೇ ವಾಪಸು ಬಂತು. ಮತ್ತೆ ಎಸೆದರು, ಒಂದು ಸೀಟಿನ ಮೇಲೆ ಬಿತ್ತು.

ನಾವು ಹತ್ತುವಷ್ಟರಲ್ಲಿ ಕುರಿ ಕಾಯುವ ಮುದುಕಿಯೊಬ್ಬಳು ಕಂಬಳಿ ಹೊದ್ದು ಅಲ್ಲಿ ಕೂತಿದ್ದಳು. ಟವೆಲ್ ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದಳು.

"ಯಾರದೋ ಬಿದ್ದಿತ್ರಿ. ಕಳಕಂಡೋರು ಬರ್ತಾರಂತ ಹಿಡಕಂಡು ಕುಂತೀನಿ."

"ಅದು ಸೀಟು ಹಿಡಿಯಾಕ ಹಾಕಿದ್ದಬೇ" ಎಂದರು ದೊಡ್ಡಪ್ಪ, ಮೆಲ್ಲಗೆ.

ಕಾಲು ನೋಯುತ್ತಿದ್ದರೂ ದೊಡ್ಡವ್ವ ಬಿಡಲಿಲ್ಲ. "ಏನ್ರಿ ಮಾಸ್ತರ, ಎಲ್ಲಾರಿಗೂ ಅಂದ್ರ ಈ ಅವ್ವನ್ನ ಬಿಟ್ಟು ಉಳದೋರಿಗೇನು?"

ಮುದುಕಿಗೆ ಮಾತು ಅರ್ಥವಾಗಲಿಲ್ಲ, ಕಾಲಿನ ಬ್ಯಾಂಡೇಜು ಅರ್ಥವಾಯಿತು. ಪಕ್ಕದವನನ್ನು ಮೊಣಕೈಯಿಂದ ಒತ್ತಿ ಸರಿಸಿದಳು. "ಬಾರವ್ವ, ಕುಂದ್ರು." ಇಬ್ಬರ ಸೀಟಿನಲ್ಲಿ ಮೂವರಾದರು. ದೊಡ್ಡಪ್ಪ ಹರಪನಹಳ್ಳಿಯವರೆಗೆ ಟವೆಲ್ ಹಿಡಿದು ನಿಂತೇ ಬಂದರು. ಅವತ್ತು ಯಾವ ಪದದ ಮೂಲವೂ ಅವರ ಬಾಯಿಂದ ಹೊರಡಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ದೊಡ್ಡವ್ವ ಈಗ ಯಾರನ್ನೂ ಕಾಡಿಸುವುದಿಲ್ಲ, ಮಾತೇ ಕಡಿಮೆ. ನಮಗೆಲ್ಲ ಅದೇ ಚಿಂತೆ.

ಮೊನ್ನೆ ಅವಳು ಕಂಬಿ ಹಿಡಿದು ಬಂದು, ನನ್ನ ವೇಲು ನೋಡಿದಳು, ನಿಂತ ಹೆಂಗಸನ್ನು ನೋಡಿದಳು. ವೇಲು ಎತ್ತಿ ನನ್ನ ಹೆಗಲಿಗೆ ಹಾಕಿದಳು.

"ಆಕಡೆ ಸರಿ. ಬಾರವ್ವ, ಕೂಸಿನ್ನ ಎತ್ಕಂಡು ಕುಂದ್ರು ಬಾ. ನಮ್ಮ ಮಾಸ್ತರು ಬಸ್ಸಿಗೆ ಅರ್ಥ ಹೇಳ್ಯಾರ."

ಕಿಟಕಿಗೆ ಒತ್ತಿಕೊಂಡೆ.

"ಏನಂತ್ರಿ ಅರ್ಥ?" ಎಂದಳು ಆ ಹೆಂಗಸು, ಪಾಪ, ತಿಳಿಯದೆ.

ದೊಡ್ಡವ್ವ ಸೆರಗು ಸರಿಮಾಡಿಕೊಂಡು, ದೊಡ್ಡಪ್ಪನ ಹಾಗೆಯೇ ಒಮ್ಮೆ ಕೆಮ್ಮಿದಳು. "ಲ್ಯಾಟಿನ್ ಅಂತ ಒಂದು ಐತೆವ್ವ..."