ದೇವದಾನಪ್ಪನವರು ಅಳೆದ ಇಪ್ಪತ್ತೇಳು ಗೋರಿಗಳು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಹೊಲಕ್ಕೆ ಹೊಲ ತಾಗಿಸಿಕೊಂಡು ಬಾಳುವವರ ಪೈಕಿ ಭೂಮಾಪಕ ಶ್ರೀ ದೇವದಾನಪ್ಪ ಹೊಸಮನಿಯವರ ಹೆಸರು ಕೇಳದವರು ವಿರಳ. ಅಣ್ಣತಮ್ಮಂದಿರು ಬಡಿಗೆ ಹಿಡಿದು ನಿಂತ ಬದುವಿನ ಮೇಲೆ ಅವರು ಸರಪಳಿ ಚೆಲ್ಲಿದರೆಂದರೆ ಅಲ್ಲಿಗೆ ಜಗಳ ಮುಗಿಯಿತು. ಸೋತವನೂ "ಹೊಸಮನಿ ಸಾಹೇಬರ ಅಳತಿ ಅಂದಮ್ಯಾಲ ಆತು ಬಿಡ್ರಿ" ಎಂದು ಬಡಿಗೆ ಕೆಳಗಿಟ್ಟು ಚಹಾ ತರಿಸುತ್ತಿದ್ದ. ಮೂವತ್ತಾರು ವರ್ಷಗಳ ಸೇವೆಯಲ್ಲಿ ಅವರ ಅಳತೆ ತಪ್ಪಿದ್ದು ಒಮ್ಮೆ ಮಾತ್ರ. ಅಭಿನಂದನ ಗ್ರಂಥದಲ್ಲಿ ತಪ್ಪಿನ ಸುದ್ದಿ ಯಾಕೆಂದು ಸಂಪಾದಕರು ಹುಬ್ಬು ಗಂಟಿಕ್ಕಬಹುದು. ಬರೆಯಿರಿ ಎಂದವರು ಸ್ವತಃ ದೇವದಾನಪ್ಪನವರೇ ಆದ್ದರಿಂದ ಅವರ ಕಚೇರಿಯ ನಾವು ನಿರ್ಭಯವಾಗಿ ಬರೆಯುತ್ತಿದ್ದೇವೆ.

ಮುಧೋಳದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ತಿಮ್ಮಾಪುರದ ಕಡೆ ಅಳತೆಗೆ ಹೋದಾಗ ಬುತ್ತಿಗಂಟನ್ನು ನಾಯಿಯೊಂದು ಎತ್ತಿಕೊಂಡು ಓಡಿತ್ತು. ಮುಧೋಳದ ನಾಯಿಯನ್ನು ಬೆನ್ನಟ್ಟಿ ಹಿಡಿಯಲು ಹೊರಟ ಏಕೈಕ ಸರಕಾರಿ ನೌಕರ ಎಂದು ಸಹೋದ್ಯೋಗಿ ಗಿರಿಮಲ್ಲಪ್ಪನವರು ಇಂದಿಗೂ ಅವರನ್ನು ಕಾಡಿಸುತ್ತಾರೆ. ಜಮಖಂಡಿಯಲ್ಲಿದ್ದಾಗ ಕುರಿಗಾರ ಅಮಸಿದ್ದಪ್ಪನ ಹೊಲದ ಗಡಿಕಲ್ಲು ಯಾರದೋ ಕೈವಾಡದಿಂದ ಜರುಗಿತು. ದೇವದಾನಪ್ಪನವರು ರಜೆಯ ದಿನ ಸ್ವಂತ ಸೈಕಲ್ಲಿನ ಮೇಲೆ ಹೋಗಿ, ಅಳೆದು, ಕಲ್ಲನ್ನು ಮೊದಲಿದ್ದಲ್ಲಿಗೇ ನೆಡಿಸಿ ಬಂದರು. ಆತ ಪ್ರೀತಿಯಿಂದ ತಂದ ಕಂಬಳಿಯನ್ನು ಒಲ್ಲೆನೆಂದದ್ದಕ್ಕೆ ಮೂರು ತಿಂಗಳು ಮುನಿಸಿಕೊಂಡಿದ್ದನಂತೆ.

ಅವರು ಬೀಳಗಿಗೆ ವರ್ಗವಾಗಿ ಬಂದದ್ದು ಆಲಮಟ್ಟಿಯ ಹಿನ್ನೀರು ಏರುವುದಕ್ಕೆ ಸ್ವಲ್ಪ ಮುಂಚೆ. ಅನಗವಾಡಿಯ ಕೆಳಗೆ, ಹೊಳೆದಂಡೆಯಲ್ಲಿದ್ದ ಅವರ ಹುಟ್ಟೂರೂ ಮುಳುಗಡೆಯ ಪಟ್ಟಿಯಲ್ಲಿತ್ತು, ನೀರು ಬಂದು ನಿಲ್ಲುವ ಗೆರೆಯ ಕಲ್ಲು ನೆಡುವ ಕೆಲಸವೂ ಅವರ ಪಾಲಿಗೇ ಬಂತು. ಊರಿನ ಹತ್ತಿಪ್ಪತ್ತು ಕ್ರೈಸ್ತ ಮನೆಗಳವರ ಸ್ಮಶಾನ ಗೆರೆಯ ಒಳಗೆ ಬಿತ್ತು. ಅದಕ್ಕೆ ಎರಡು ವರ್ಷ ಮುಂಚೆ ಕಾಮಾಲೆಯಾಗಿ ತೀರಿಕೊಂಡಿದ್ದ ಅವರ ಹೆಂಡತಿ ಮಾಲಾ ಮಲಗಿದ್ದು ಅಲ್ಲಿಯೇ.

ಮಾಲಾಳ ತಾಯಿ ಶೇವಂತವ್ವ ಅವರಿಗೆ ಸೋದರತ್ತೆ, ಎತ್ತಿ ಆಡಿಸಿದಾಕೆ. ಊರವರೆಲ್ಲ ಜಂತಿ, ಬಾಗಿಲು ಕಿತ್ತುಕೊಂಡು ಹೊಸ ಊರಿಗೆ ಹೊರಟರೆ ಆಕೆ ಮಾತ್ರ ಮಗಳ ಗೋರಿಯ ಮುಂದೆ ಕುಳಿತುಬಿಟ್ಟಳು.

"ಸತ್ತವ್ರೆಲ್ಲಾ ಒಂದಿನಾ ಏಳತಾರಂತ ನೀನ ಚರ್ಚಿನ್ಯಾಗ ಓದತೀಯಲ್ಲಾ ದೇವದಾನಾ, ಇದರ ಮ್ಯಾಲ ಹೊಳಿ ಬಂದು ನಿಂತ್ರ ನನ್ನ ಮಗಳು ಎಲ್ಲಿಂದ ಏಳಬೇಕು? ಆವತ್ತ ನಾ ಯಾವ ಕಡಿ ನೋಡ್ಲಿ?"

ಚರ್ಚಿನ ಸಭಾಪಾಲಕರು ಬಂದು ಬೈಬಲ್ಲಿನ ಮಾತು ಹೇಳಿ ಸಮಾಧಾನಪಡಿಸಿದರು. ಆಕೆ ಎಲ್ಲದಕ್ಕೂ ಹೂಂ ಎಂದಳು, ಎದ್ದು ಮಾತ್ರ ಬರಲಿಲ್ಲ. ಎಲುಬುಗಳನ್ನಾದರೂ ತೆಗೆದು ಹೊಸ ಊರಿಗೆ ಒಯ್ಯೋಣ ಎಂದು ಕೆಲವರೆಂದರು. ಹೇಳುವವರು ಕೇಳುವವರು ಇಲ್ಲದ ಗೋರಿಗಳೂ ಅಲ್ಲಿದ್ದವು. ತಮ್ಮವಳೊಬ್ಬಳನ್ನು ಒಯ್ದು ಉಳಿದವರನ್ನು ಬಿಟ್ಟುಬರಲು ದೇವದಾನಪ್ಪನವರಿಗೆ ಮನಸ್ಸು ಬರಲಿಲ್ಲ. ಅವರು ತಮಗೆ ಗೊತ್ತಿದ್ದ ಕೆಲಸವನ್ನೇ ಮಾಡಿದರು. ನೀರು ಮುಟ್ಟದ ಗುಡ್ಡದ ಬಂಡೆಯೊಂದರ ಮೇಲೆ ಶಿಲುಬೆಯ ಗುರುತು ಕೊರೆದು, ಅಲ್ಲಿಂದ ಸರಪಳಿ ಎಳೆದು, ಇಪ್ಪತ್ತೇಳೂ ಗೋರಿಗಳನ್ನು ಅಳೆದು, ಒಂದೊಂದಕ್ಕೂ ಹೆಸರು ಬರೆದು ನಕ್ಷೆ ಸಿದ್ಧಪಡಿಸಿದರು.

"ದೇವರಿಗೆ ನಕ್ಷಾ ಬೇಕಾಗಿಲ್ಲ ಅತ್ತಿ, ಅಂವಗ ಎಲ್ಲಾ ಗೊತ್ತೈತಿ. ಇದು ನಮಗ. ಬ್ಯಾಸಗ್ಯಾಗ ನೀರ ಇಳೀತಂದ್ರ ಈಸ್ಟರ್ ಹಬ್ಬಕ್ಕ ನಿನ್ನ ಕರಕೊಂಡು ಬರ್ತೇನಿ. ಮಾಲಾ ಇದ್ದ ಜಾಗಾ ಗೇಣು ತಪ್ಪದಂಗ ತೋರಸ್ತೇನಿ."

ಆಗ ಶೇವಂತವ್ವ ಸೀರೆಯ ಮಣ್ಣು ಕೊಡವಿಕೊಂಡು ಎದ್ದಳು.

ಮೊದಲ ಮಳೆಗಾಲಕ್ಕೇ ಗೋರಿಗಳ ಹಾಸುಗಲ್ಲುಗಳು ಹೂಳಿನಲ್ಲಿ ಮುಚ್ಚಿಹೋದವು. ಆದರೆ ಕೊಟ್ಟ ಮಾತು ಮುಚ್ಚಿಹೋಗಲಿಲ್ಲ. ವರ್ಷವರ್ಷವೂ ಈಸ್ಟರಿನ, ಎಂದರೆ ಪುನರುತ್ಥಾನದ ಹಬ್ಬದ ನಸುಕಿನಲ್ಲಿ ಅವರು ಬಂಡೆಯಿಂದ ಸರಪಳಿ ಎಳೆದು, ಬಿರುಕುಬಿಟ್ಟ ಕರಿಮಣ್ಣಿನ ಮೇಲೆ ಇಪ್ಪತ್ತೇಳು ಕಡೆ ಹೆಸರಿನ ಕಡ್ಡಿ ನೆಡುತ್ತಿದ್ದರು. ತಮ್ಮ ತಮ್ಮವರ ಹತ್ತಿರ ನಿಂತು ಎಲ್ಲರೂ ಹಾಡುತ್ತಿದ್ದರು. ಶೇವಂತವ್ವ ಮಲ್ಲಿಗೆಯ ದಂಡೆ ಇಟ್ಟು ಮನಸಾರೆ ಅತ್ತು ಹಗುರಾಗುತ್ತಿದ್ದಳು. ಬೇರೆ ದೇವರಿಗೆ ನಡೆದುಕೊಳ್ಳುವ ನಾವೂ ಕಚೇರಿಯಿಂದ ಹೋಗುತ್ತಿದ್ದೆವು. ಹಾಡು ಮುಗಿದ ಮೇಲೆ ಹೊಳೆದಂಡೆಯಲ್ಲಿ ತಿಂದ ಆ ಬಿಸಿ ಉಪ್ಪಿಟ್ಟು, ಆ ತಂಪು ಗಾಳಿ ನೆನಪಾದರೆ ಈಗಲೂ ಎದೆ ತುಂಬಿಬರುತ್ತದೆ. ರಬಕವಿ-ಬನಹಟ್ಟಿಗೆ ವರ್ಗವಾದ ಮೇಲೂ ದೇವದಾನಪ್ಪನವರು ಒಂದು ಹಬ್ಬ ತಪ್ಪಿಸಲಿಲ್ಲ. ಎರಡನೆಯ ಮದುವೆಯ ಮಾತು ತಂದವರಿಗೆ "ನನ್ನ ಹೆಂಡ್ತಿ ಅದಾಳಲ್ರಿ" ಎಂದು ನಕ್ಕು ಕಳಿಸುತ್ತಿದ್ದರು.

ಎರಡು ವರ್ಷದ ಹಿಂದೆ ಮಳೆಗಾಲದ ಪ್ರವಾಹ ಅಲ್ಲಿಯ ಹೂಳನ್ನೆಲ್ಲ ಬಳಿದುಕೊಂಡು ಹೋಯಿತು. ಹಬ್ಬಕ್ಕೆ ಹೋಗಿ ನೋಡಿದರೆ ಹಾಸುಗಲ್ಲುಗಳು ಅಕ್ಷರ ಸಮೇತ ಮೇಲೆದ್ದಿವೆ. ಇಪ್ಪತ್ತೈದು ವರ್ಷ ಶೇವಂತವ್ವ ಮಲ್ಲಿಗೆ ಇಟ್ಟ ಜಾಗದ ಕಲ್ಲಿನ ಮೇಲೆ ಇದ್ದ ಹೆಸರು ಪರಸಪ್ಪ. ಮಾಲಾಳ ಹೆಸರಿನ ಕಲ್ಲು ನಾಲ್ಕು ಹೆಜ್ಜೆ ಆಚೆಗಿತ್ತು.

ಪರಸಪ್ಪ ಆ ಊರಿನಲ್ಲಿ ಗೋರಿಯ ಕುಣಿ ತೋಡುತ್ತಿದ್ದವನು. ಹೆಂಡತಿ ಮಕ್ಕಳಿಲ್ಲ, ಊರ ತುಂಬ ಜಗಳ. ಮಾಲಾಳ ಕುಣಿಯನ್ನು ತೋಡಿದವನೂ ಅವನೇ. ಮರುವರ್ಷ ತಾನೂ ಹೋದ.

ದೇವದಾನಪ್ಪನವರು ನಕ್ಷೆ ಬಿಚ್ಚಿದರು. ಸರಪಳಿಯ ಎಡಕ್ಕಿದ್ದ ಗೋರಿಯನ್ನು ಬಲಕ್ಕೆ, ಬಲಕ್ಕಿದ್ದುದನ್ನು ಎಡಕ್ಕೆ ಬರೆದಿದ್ದರು. ಉಳಿದ ಇಪ್ಪತ್ತೈದರಲ್ಲಿ ಕೂದಲೆಳೆಯ ತಪ್ಪಿಲ್ಲ. "ಆವತ್ತ ಕಣ್ಣ ತುಂಬಿದ್ದವು ಅತ್ತಿ, ಸರಿ ಕಾಣಲಿಲ್ಲ. ಇಷ್ಟು ವರ್ಷ ನಿನಗ ಸುಳ್ಳ ತೋರಿಸಿದೆ" ಎಂದು ಆ ಮಣ್ಣಿನಲ್ಲೇ ಕುಸಿದು ಕುಳಿತರು.

ಎಂಬತ್ತು ದಾಟಿದ ಮುದುಕಿ ಕಲ್ಲನ್ನೇ ನೋಡುತ್ತ ನಿಂತಳು.

"ಅಯ್ಯಽ ನನ್ನವ್ವಾ! ಇಪ್ಪತ್ತೈದು ವರ್ಷ ಈ ಜಗಳಗಂಟನ ಮುಂದ ಅತ್ತೆನೇನ ನಾ?" ಎಂದವಳೇ ನಗತೊಡಗಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಅಳಿಯನ ತಲೆ ಸವರಿದಳು. "ಏಳೋ. ಊರ ಮಂದಿಗೆಲ್ಲಾ ಕುಣಿ ತೋಡಿದಂವ, ಅಂವಗ ಒಂದ ಹನಿ ಕಣ್ಣೀರ ಹಾಕವ್ರು ಯಾರಿದ್ರು? ದೇವರು ನನ್ನ ಕಡಿಂದ ಹಾಕಿಸ್ಯಾನ." ಮಲ್ಲಿಗೆಯ ದಂಡೆಯನ್ನು ಹರಿದು ಎರಡು ಮಾಡಿ, ಎರಡೂ ಕಲ್ಲುಗಳ ಮೇಲೆ ಇಟ್ಟಳು.

ಮರುದಿನ ದೇವದಾನಪ್ಪನವರು ನಕ್ಷೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, ತಾರೀಖು ಹಾಕಿ ಸಹಿ ಮಾಡಿ, ನಮ್ಮೆಲ್ಲರ ಮುಂದೆ ಮೇಜಿನ ಮೇಲೆ ಹರಡಿದರು. ಸತ್ತವರು ಏಳುವರೆಂದು ನಂಬಿದ ಮನುಷ್ಯ ತನ್ನ ತಪ್ಪನ್ನು ಹೂಳಲು ಹೋಗುವುದಿಲ್ಲ ಎಂಬುದನ್ನು ಅಂದು ಕಂಡೆವು.

ಈ ಹಿರಿಯರು ನೂರ್ಕಾಲ ಬಾಳಲಿ. ಸರಕಾರಿ ಸರಪಳಿಯನ್ನು ಒಪ್ಪಿಸಿದ ಕೈಗಳು ಹಬ್ಬದ ಸರಪಳಿಯನ್ನು ಇನ್ನೂ ಬಹುಕಾಲ ಎಳೆಯಲಿ. ಬೀಳ್ಕೊಡುಗೆಯ ದಿನ ನಾವೆಲ್ಲ ಹೀಗೆಯೇ ಹಾರೈಸಿ ಮುಗಿಸಿದಾಗ ಗಿರಿಮಲ್ಲಪ್ಪನವರು ಸುಮ್ಮನಿರಲಾರದೆ, ಮುಂದಿನ ಸಾಲಿನಲ್ಲಿದ್ದ ಶೇವಂತವ್ವನನ್ನು ಕೆಣಕಿದರು: "ನಕ್ಷಾ ಸರಿ ಆತಲ್ಲವ್ವಾ, ಇನ್ನ ಸತ್ತವ್ರು ಏಳೋ ದಿನಾ ಯಾವ ಕಡಿ ನೋಡ್ತಿ?"

"ಮೊದಲ ಪರಸ್ಯಾನ ಕಡಿ ನೋಡ್ತೇನಪಾ," ಎಂದಳು ಆಕೆ, ಅಳಿಯನತ್ತ ಕೈ ತೋರಿಸಿ. "ಮಾಲಾನ್ನ ನೋಡಾಕ ಇಂವ ಅದಾನ. ಅಂವಗ ಯಾರದಾರ?"