ಸಿದ್ದಾಪುರದಿಂದ ಗೊಟ್ಟಿಗೆರೆಗೆ ಒಂದು ಹಣತೆ

ಶ್ರಾವಣದ ಶುಕ್ರವಾರ ಬೆಳಿಗ್ಗೆ ನಾನೂ ಅಮ್ಮನೂ ಸಿದ್ದಾಪುರದ ವಠಾರ ಬಿಟ್ಟು ಹೊರಟೆವು. ಸಾಮಾನೆಲ್ಲ ಹಿಂದಿನ ದಿನವೇ ಟೆಂಪೋದಲ್ಲಿ ಗೊಟ್ಟಿಗೆರೆಯ ಹೊಸ ಮನೆ ಸೇರಿತ್ತು. ಉಳಿದದ್ದು ಒಂದು ಸ್ಟೀಲ್ ಬಕೆಟ್. ಅದರಲ್ಲಿ ಅರ್ಧ ಅಕ್ಕಿ, ಅಕ್ಕಿಯ ಮೇಲೆ ಉರಿಯುವ ಹಣತೆ. ನಮ್ಮ ಗಲ್ಲಿಯ ಮಾರಮ್ಮನ ಗುಡಿಯ ದೀಪದಿಂದ ಅಮ್ಮ ಅದನ್ನು ಹಚ್ಚಿಕೊಂಡಿದ್ದಳು. ಅವಳು ಮದುವೆಯಾಗಿ ಬಂದ ದಿನ ಅಜ್ಜಿ ಹಾಗೆಯೇ ಮಾಡಿಸಿದ್ದಳಂತೆ. ಹೊಸ ಮನೆಯಲ್ಲೂ ಹಾಲು ಉಕ್ಕಿಸಲು ಅದೇ ಬೆಂಕಿ ಬೇಕು, ದಾರಿಯಲ್ಲಿ ಆರಬಾರದು.

ಬಸ್ಸಿನ ಬಾಗಿಲಲ್ಲೇ ಕಂಡಕ್ಟರ್ ತಡೆದ. "ಅಮ್ಮಾ, ಬೆಂಕಿ ಹಿಡ್ಕೊಂಡು ಹತ್ತೋಂಗಿಲ್ಲ." ನ್ಯಾಯವಾದ ಮಾತು. ನಮ್ಮ ಗಲ್ಲಿಯ ಆಟೋ ಮೂರ್ತಿಯಣ್ಣನನ್ನು ಕರೆದೆ. ಮುನ್ನೂರು ರೂಪಾಯಿಗೆ ಒಪ್ಪಿದ. "ನಿಧಾನವಾಗೇ ಹೋಗ್ತೀನಿ ಅಕ್ಕ. ಹಿಂದಿನೋರು ಬೈದ್ರೆ ನೀವೇ ಕೇಳಿಸ್ಕೋಬೇಕು" ಎಂದ ಅಮ್ಮನಿಗೆ.

ಜಯನಗರದ ಮರಗಳ ಕೆಳಗೆ ಗಾಳಿ ಕಡಿಮೆಯಿತ್ತು. "ಈ ಸಾಲಲ್ಲಿ ನಾಕು ಮನೆ ಪಾತ್ರೆ ತಿಕ್ತಿದ್ದೆ" ಎಂದು ಅಮ್ಮ ತೋರಿಸಿದಳು. ಆ ದುಡಿಮೆಯಿಂದಲೇ ನಾನು ಓದಿದ್ದು. ನಮ್ಮ ವಂಶದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ವಠಾರದ ಒಂದೇ ಕೋಣೆಯಲ್ಲಿ ಕರೆಂಟ್ ಹೋದಾಗಲೆಲ್ಲ ಅಮ್ಮ ದೇವರ ಗೂಡಿನ ದೀಪವನ್ನೇ ಎತ್ತಿ ನನ್ನ ಪುಸ್ತಕದ ಪಕ್ಕ ಇಡುತ್ತಿದ್ದಳು. "ಮಾರಮ್ಮ ಸ್ವಲ್ಪ ಹೊತ್ತು ಕತ್ತಲಲ್ಲಿ ಕೂತಿರ್ತಾಳೆ. ನೀನು ಓದು" ಎನ್ನುತ್ತಿದ್ದಳು.

ಬನ್ನೇರುಘಟ್ಟ ರಸ್ತೆಯಲ್ಲಿ ಅರೆಕೆರೆ ಸಿಗ್ನಲ್ ದಾಟುವಾಗ ಬಸ್ಸೊಂದು ಪಕ್ಕದಲ್ಲೇ ನುಗ್ಗಿತು. ಅದರ ಗಾಳಿಗೆ ಹಣತೆ ಆರಿತು. ಅಮ್ಮ ಬಕೆಟ್ಟಿನೊಳಗೆ ನೋಡುತ್ತಾ ಕೂತುಬಿಟ್ಟಳು.

ಮೂರ್ತಿಯಣ್ಣ ಆಟೋ ಬದಿಗೆ ನಿಲ್ಲಿಸಿ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. "ಹಚ್ಕೊಳ್ಳಿ ಅಕ್ಕ. ನಾನೇನೂ ನೋಡಿಲ್ಲ."

"ನೀನು ನೋಡ್ಲಿಲ್ಲ, ಸರಿ. ಮಾರಮ್ಮ?" ಎಂದಳು ಅಮ್ಮ.

"ಅಮ್ಮ, ಮುಹೂರ್ತ ಮೀರುತ್ತೆ" ಎಂದೆ ನಾನು.

"ಮೀರ್ಲಿ. ಬೆಂಕಿ ಇಲ್ದೆ ಮುಹೂರ್ತ ಇಟ್ಕೊಂಡು ಏನ್ ಮಾಡ್ಲಿ?"

ಬಂದ ದಾರಿಯಲ್ಲೇ ಹಿಂತಿರುಗಿದೆವು. ಗುಡಿಯ ಮುಂದೆ ಅಮ್ಮ ಹೂವಿನವಳ ಹತ್ತಿರ ಇನ್ನೊಂದು ಹಣತೆ ಕೊಂಡು ಎರಡನ್ನೂ ಹಚ್ಚಿಕೊಂಡಳು. ಒಂದು ಆರಿದರೆ ಇನ್ನೊಂದರಿಂದ ಹಚ್ಚಬಹುದು.

ಮೂರ್ತಿಯಣ್ಣ ಹಣೆ ಚಚ್ಚಿಕೊಂಡ. "ಇದು ಮೊದ್ಲೇ ಹೊಳೀಬಾರ್ದಿತ್ತಾ ಅಕ್ಕ?"

"ಹೊಳೆದಿದ್ರೆ ನಿಂಗೆ ಡಬಲ್ ಬಾಡಿಗೆ ಎಲ್ಲಿಂದ ಬರ್ತಿತ್ತೋ?"

ಅರೆಕೆರೆಯಲ್ಲಿ ಮತ್ತೆ ಒಂದು ಆರಿತು. ಅಮ್ಮ ಸೆರಗು ಮರೆ ಮಾಡಿ ಇನ್ನೊಂದರಿಂದ ಹಚ್ಚಿದಳು. ಹುಳಿಮಾವು ದಾಟಿದ ಮೇಲೆ ತುಂತುರು ಶುರುವಾಯಿತು. ನಾನು ನನ್ನ ದುಪಟ್ಟಾವನ್ನು ಆಟೋದ ಪಕ್ಕಕ್ಕೆ ಅಡ್ಡ ಹಿಡಿದೆ. ಗೊಟ್ಟಿಗೆರೆ ತಲುಪಿದಾಗ ಎರಡೂ ಉರಿಯುತ್ತಿದ್ದವು. ಮುಹೂರ್ತ ಯಾವಾಗಲೋ ಮೀರಿತ್ತು. ಆದರೂ ಹಾಲು ಚೆನ್ನಾಗಿಯೇ ಉಕ್ಕಿತು, ಮೂರ್ತಿಯಣ್ಣ ಎರಡು ಲೋಟ ಪಾಯಸ ಕುಡಿದು ಹೊರಟ.

ಒಂದು ಹಣತೆಯನ್ನು ಅಮ್ಮ ದೇವರ ಮುಂದಿಟ್ಟಳು. ಇನ್ನೊಂದನ್ನೂ ಅಲ್ಲೇ ಇಡಲು ನಾನು ಕೈ ಚಾಚಿದೆ. ಅವಳು ಕೊಡಲಿಲ್ಲ. ನನ್ನ ಕೋಣೆಗೆ ಒಯ್ದು, ಪುಸ್ತಕದ ಮೇಜಿನ ಮೇಲೆ ಇಟ್ಟಳು.

"ಕರೆಂಟ್ ಇದೆಯಲ್ಲಮ್ಮ" ಎಂದೆ.

"ಇರ್ಲಿ. ಕರೆಂಟ್ ಹೋದ್ರೂ ಇನ್ಮೇಲೆ ಮಾರಮ್ಮ ಕತ್ತಲಲ್ಲಿ ಕೂರೋದು ಬೇಡ."